ಚಿಕ್ಕಮ್ಮನ ಡಿಕ್ಕಿ ಮೊಕದ್ದಮೆ

ನಮ್ಮ ಚಿಕ್ಕಮ್ಮನಿಗೆ ಸೋಲಲಿಕ್ಕೆ ಬರುವುದಿಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ. ಹಾಗೆ ಇವರಿಗೆ ಸೋಲು ಬರುವುದಿಲ್ಲ, ಅಷ್ಟೆ. ಕಲಿಸಲು ಹೈಕೋರ್ಟು ಕೂಡ ಸಾಕಷ್ಟು ಶ್ರಮಪಟ್ಟಿದೆ. ಕೇಸು ಬಿದ್ದುಹೋದ ದಿನ ಮನೆಗೆ ಬಂದು, ಕರಿ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, "ಇವತ್ತು ನ್ಯಾಯಾಧೀಶರು ಸೋತರು" ಎಂದು ಹೇಳಿ ಚಹಾಕ್ಕೆ ನೀರಿಡುವವರು ಅವರು.

ಕಾಸರಗೋಡಿನ ಕಡೆಯಿಂದ ಬಂದು ಕೊಚ್ಚಿಯಲ್ಲಿ ವಕೀಲಿಕೆ ಮಾಡಿ ಹೆಸರು ಗಳಿಸಿದ ಈ ಹೆಂಗಸಿನ ವಿಷಯದಲ್ಲಿ ನಮ್ಮ ಭಾಷೆ ಬಹಳ ಕರಾರುವಾಕ್ಕು. 'ಚಿಕ್ಕಮ್ಮ' ಎಂಬುದರಲ್ಲಿರುವ 'ಚಿಕ್ಕ' ಸಂಬಂಧಕ್ಕೂ ಸಲ್ಲುತ್ತದೆ, ಎತ್ತರಕ್ಕೂ ಸಲ್ಲುತ್ತದೆ. ಒಮ್ಮೆ ಹೊಸದಾಗಿ ಬಂದ ನ್ಯಾಯಾಧೀಶರೊಬ್ಬರು, ವಕೀಲರು ಎದ್ದು ನಿಂತು ವಾದ ಮಾಡಬಹುದಲ್ಲ ಎಂದರಂತೆ. ತಾನು ಆಗಲೇ ನಿಂತಾಗಿದೆ, ಇನ್ನು ವಾದ ನಿಲ್ಲುತ್ತದೋ ಇಲ್ಲವೋ ಅದನ್ನು ನೋಡಿದರೆ ಸಾಕು ಎಂದು ಚಿಕ್ಕಮ್ಮ ಉತ್ತರ ಕೊಟ್ಟರಂತೆ. ವಾದ ನಿಂತಿತು. ಅಂದರೆ ಗೆದ್ದಿತು.

ಚಿಕ್ಕಪ್ಪ ಇದಕ್ಕೆ ತದ್ವಿರುದ್ಧ. ಆರಡಿಯ ಮೇಲೆ ಎತ್ತರ, ಮಾತು ಅರ್ಧ ಇಂಚು. ತಿರುವನಂತಪುರದ ತುಂಬ ಎಂಬ ಊರಿನಲ್ಲಿ ರಾಕೆಟ್ಟು ಹಾರಿಸುವ ಕಚೇರಿಯಲ್ಲಿ ಎಂಜಿನಿಯರು. ಇವರು ಕೊಚ್ಚಿ, ಅವರು ತಿರುವನಂತಪುರ. ಮದುವೆಯಾದಾಗಿನಿಂದ ಸಂಸಾರ ನಡೆದದ್ದು ಶನಿವಾರ ಭಾನುವಾರಗಳಲ್ಲಿ. ಇಬ್ಬರೂ ಜೊತೆಗೆ ನಿಂತರೆ ಆಶ್ಚರ್ಯಸೂಚಕ ಚಿಹ್ನೆಯ ಹಾಗೆ ಕಾಣುತ್ತಿದ್ದರು. ಮೇಲಿನ ಗೆರೆ ಚಿಕ್ಕಪ್ಪ, ಕೆಳಗಿನ ಚುಕ್ಕಿ ಚಿಕ್ಕಮ್ಮ. ಅರ್ಥ ಇರುವುದು ಚುಕ್ಕಿಯಲ್ಲೇ ಎಂದು ಚುಕ್ಕಿಯ ಅಭಿಪ್ರಾಯ.

ನಾನು ಆಗ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ, ವೈಟ್ಟಿಲದ ಹತ್ತಿರ ಚಿಕ್ಕಮ್ಮನ ಮನೆಯಲ್ಲೇ ಇದ್ದೆ. ಬಾಡಿಗೆ ಇಲ್ಲ, ಊಟ ಅವರದ್ದು. ಆದ್ದರಿಂದ ಮುಂದೆ ನಡೆದದ್ದಕ್ಕೆಲ್ಲ ನಾನು ಸಾಕ್ಷಿ ಮಾತ್ರ ಅಲ್ಲ, ಕೂಲಿಯೂ ಹೌದು.

ಅದು ಸುರುವಾದದ್ದು ಚಿಕ್ಕಮ್ಮ ಎಸ್‌ಯುವಿ ತೆಗೆದುಕೊಂಡಲ್ಲಿಂದ. ಸೆಕೆಂಡ್‌ಹ್ಯಾಂಡ್ ಗಾಡಿ, ಕಪ್ಪು ಬಣ್ಣ, ಆನೆಯ ಅಳತೆ. ಇಷ್ಟು ದೊಡ್ಡದು ಯಾಕೆ ಚಿಕ್ಕಮ್ಮ ಎಂದು ಕೇಳಿದೆ. ಮಳೆಗಾಲದಲ್ಲಿ ಕೊಚ್ಚಿಯ ರಸ್ತೆಯಲ್ಲಿ ಸಣ್ಣ ಕಾರು ದೋಣಿಯಾಗುತ್ತದೆ, ತನಗೆ ಈಜು ಬರುವುದಿಲ್ಲ ಎಂದರು. (ನೋಡಿದಿರಾ? ಸೋಲು, ಈಜು, ಎರಡೂ.) ಸೀಟಿನ ಮೇಲೆ ದಿಂಬು, ದಿಂಬಿನ ಮೇಲೆ ಚಿಕ್ಕಮ್ಮ. ಆದರೂ ಹೊರಗಿನಿಂದ ನೋಡುವವರಿಗೆ ಗಾಡಿಯೊಂದು ತನ್ನಷ್ಟಕ್ಕೆ ತಾನೇ ಹೋಗುವ ಹಾಗೆ ಕಾಣುತ್ತಿತ್ತು. ವೈಟ್ಟಿಲ ಜಂಕ್ಷನ್ನಿನಲ್ಲಿ ಒಬ್ಬ ಪೊಲೀಸಿನವನು ಕೈ ಅಡ್ಡ ಹಿಡಿದು ನಿಲ್ಲಿಸಿದ. ಗಾಜು ಇಳಿಯಿತು. ಒಳಗೆ ಚಾಲಕರೂ ಇದ್ದಾರೆ, ಅವರು ವಕೀಲರೂ ಹೌದು ಎಂದು ತಿಳಿದ ಮೇಲೆ ಅವನು ತಾನೇ ಪಕ್ಕಕ್ಕೆ ಸರಿದ.

ತೊಂದರೆ ಇದ್ದದ್ದು ಹಿಂದುಗಡೆ. ಕನ್ನಡದಲ್ಲಿ ಡಿಕ್ಕಿ ಎಂದರೆ ಗಾಡಿಯ ಹಿಂಬದಿಯೂ ಹೌದು, ಗುದ್ದುವುದೂ ಹೌದು. ಈ ಗಾಡಿ ಎರಡರ್ಥವನ್ನೂ ಉಳಿಸಿಕೊಂಡಿತ್ತು. ಬಾಗಿಲು ಮೇಲಕ್ಕೆ ತೆರೆಯುವ ತರದ್ದು. ಅದನ್ನು ಎತ್ತಿ ಹಿಡಿಯಬೇಕಾದ, ಗ್ಯಾಸು ತುಂಬಿದ ಎರಡು ಕಡ್ಡಿಗಳಿಗೆ ವಯಸ್ಸಾಗಿತ್ತು. ಅರ್ಧಕ್ಕೆ ಬರುವವರೆಗೆ ಮೈಯ ಬಲವೆಲ್ಲ ಹಾಕಿ ದೂಡಬೇಕು. ಕೈ ಸಡಿಲವಾದರೆ ತಲೆಗೆ ಡಿಕ್ಕಿ. ಹೇಗೋ ಮೇಲೆ ಹೋಯಿತು ಎನ್ನಿ, ಚಿಕ್ಕಮ್ಮನಿಗೆ ಅದು ಮತ್ತೆ ಎಟುಕುವ ಪ್ರಶ್ನೆಯೇ ಇಲ್ಲ. ಕೇಸಿನ ಕಟ್ಟುಗಳನ್ನು ಒಳಗಿಟ್ಟು, ತಲೆಯ ಮೇಲೆ ಚಪ್ಪರ ಹಾಕಿಸಿಕೊಂಡವರ ಹಾಗೆ ಕೋರ್ಟಿನ ಅಂಗಳದಲ್ಲಿ ನಿಂತಿರುತ್ತಿದ್ದರು. ಯಾರಾದರೂ ಓಡಿ ಬಂದು ಮುಚ್ಚಿಕೊಡಲು ಕೈ ನೀಡಿದರೆ ಚಿಕ್ಕಮ್ಮನ ಉತ್ತರ ಒಂದೇ: "ವೇಂಡ." ಬೇಡ ಎಂಬುದಕ್ಕೆ ಇರುವ ಈ ಮಲಯಾಳಂ ಪದವನ್ನು ಅವರು ಹೇಳುವ ರೀತಿಯಲ್ಲಿ ಜೂನಿಯರ್ ವಕೀಲರ ಕೈಗಳು ಜೇಬಿಗೆ ವಾಪಸು ಹೋಗುತ್ತಿದ್ದವು.

ಮೊದಲು ಕೊಡೆಯ ಉಪಾಯ. ಕೊಡೆಯ ಬಾಗಿದ ಹಿಡಿಯನ್ನು ಬಾಗಿಲಿನ ಅಂಚಿಗೆ ಸಿಕ್ಕಿಸಿ ಎಳೆಯುವುದು. ಬಾಗಿಲು ಅಲ್ಲೇ ಉಳಿಯಿತು, ಕೊಡೆ ಎರಡಾಯಿತು. ಆಮೇಲೆ ಹಳೆಯ ಸೀರೆಯ ಅಂಚನ್ನು ಹರಿದು ಬಾಗಿಲಿನ ಒಳಗಡೆ ಕಟ್ಟಿದರು. ಇದು ಚೆನ್ನಾಗಿ ಕೆಲಸ ಮಾಡಿತು. ಆದರೆ ಎಳೆದು ಮುಚ್ಚಿದ ಮೇಲೆ ಆ ಅಂಚು ಹೊರಗೇ ಉಳಿಯುತ್ತಿತ್ತು. ನಗರವಿಡೀ ಬೈಕಿನವರು ಪಕ್ಕಕ್ಕೆ ಬಂದು "ಚೇಚ್ಚೀ, ವಾಲು", ಅಂದರೆ ಅಕ್ಕಾ ಬಾಲ, ಎಂದು ತೋರಿಸಿ ಹೋಗುತ್ತಿದ್ದರು. ಮನೆಗೆ ಬಂದ ಚಿಕ್ಕಮ್ಮ ಕತ್ತರಿ ತೆಗೆದುಕೊಂಡು ಬಾಲ ಕತ್ತರಿಸಿದರು.

ಇದೆಲ್ಲ ತಮಾಷೆಯಾಗಿಯೇ ನಡೆಯುತ್ತಿತ್ತು. ಒಂದು ಸೋಮವಾರ ತಿರುವನಂತಪುರದಿಂದ ವಾಪಸು ಬಂದ ಚಿಕ್ಕಮ್ಮ ಮಾತ್ರ ತಮಾಷೆಯ ಮುಖದಲ್ಲಿ ಇರಲಿಲ್ಲ. ಚೀಲ ಕೆಳಗಿಟ್ಟವರೇ, ಡಿಕ್ಕಿ ತಾನಾಗಿ ತೆರೆದು ತಾನಾಗಿ ಮುಚ್ಚುವ ಹಾಗೆ ಮಾಡಲಿಕ್ಕೆ ಎಂತಾದರೂ ಉಂಟಾ ನಿನ್ನ ಇಂಟರ್ನೆಟ್ಟಿನಲ್ಲಿ ನೋಡು ಎಂದರು. ನೋಡಿದೆ. ಇತ್ತು. ಹಳೆಯ ಗ್ಯಾಸಿನ ಕಡ್ಡಿಗಳನ್ನು ತೆಗೆದು ಮೋಟಾರು ಇರುವ ಕಡ್ಡಿಗಳನ್ನು ಹಾಕುವುದು, ಅದಕ್ಕೊಂದು ಡಬ್ಬಿ, ಒಂದಿಷ್ಟು ವಯರು, ಡ್ರೈವರ್ ಪಕ್ಕದಲ್ಲಿ ಒಂದು ಗುಂಡಿ, ಕೈಯಲ್ಲಿ ಹಿಡಿಯಲು ಒಂದು ರಿಮೋಟು. ಆದರೆ ಅದು ನಮ್ಮ ದೇಶದಲ್ಲಿ ಸಿಗುವುದಿಲ್ಲ ಎಂದೆ. ಸಿಗುವ ದೇಶ ಯಾವುದು ಎಂದು ಕೇಳಿದರು. ಮುಂದಿನ ತಿಂಗಳು ಪಕ್ಕದ ಮನೆಯ ಅಳಿಯ ದುಬೈಯಿಂದ ರಜೆಗೆ ಬಂದಾಗ, ಕಂಬಳಿ ಮತ್ತು ಅತ್ತರಿನ ನಡುವೆ ಆ ಡಬ್ಬಿಯೂ ಬಂತು. ಕೊಚ್ಚಿಯಲ್ಲಿ ಇದರಲ್ಲಿ ವಿಶೇಷವೇನೂ ಇಲ್ಲ. ದುಬೈಯಿಂದ ಬರಲಾರದ್ದು ಎಂದರೆ ಬಹುಶಃ ಮಳೆ ಒಂದೇ.

ಗಾಡಿಯ ಸರ್ವೀಸ್ ಸೆಂಟರಿನ ಮ್ಯಾನೇಜರು ಡಬ್ಬಿಯನ್ನು ಮುಟ್ಟಲೂ ಒಪ್ಪಲಿಲ್ಲ. ಹೊರಗಿನ ಸಾಮಾನು ಹಾಕಿದರೆ ವಯರಿಂಗ್ ಹಾಳು ಎಂದರು. ಬೇಕಾದರೆ ಹೊಸ ಗ್ಯಾಸಿನ ಕಡ್ಡಿ ಹಾಕಿಕೊಡುತ್ತೇನೆ, ಬಾಗಿಲು ಹೂವಿನ ಹಾಗೆ ಮೇಲೆ ಏರುತ್ತದೆ ಎಂದರು.

"ಏರಿದ್ದನ್ನು ಇಳಿಸುವವರು ಯಾರು?" ಎಂದು ಚಿಕ್ಕಮ್ಮ ಪಾಟೀಸವಾಲು ಸುರು ಮಾಡಿದರು.

ಯಾರಾದರೂ ಸಹಾಯ ಮಾಡುತ್ತಾರಲ್ಲ ಮೇಡಂ ಎಂದರು ಮ್ಯಾನೇಜರು. ಪಾಪ, ಅವರಿಗೆ ಗೊತ್ತಿರಲಿಲ್ಲ. ಆ ಯಾರಾದರೂ ಎಂಬ ವ್ಯಕ್ತಿಯ ಹೆಸರೇನು, ಅವರು ದಿನವೂ ಗಾಡಿಯ ಹಿಂದೆ ಓಡಿ ಬರುತ್ತಾರೋ, ಅವರಿಗೆ ಸಂಬಳ ನಿಮ್ಮ ಕಂಪನಿ ಕೊಡುತ್ತದೋ ಎಂದೆಲ್ಲ ಕೇಳಿಸಿಕೊಂಡ ಮೇಲೆ ಮ್ಯಾನೇಜರು ನೀರು ತರಿಸಿ ಕುಡಿದರು. ಕೆಲಸ ಮಾತ್ರ ಒಪ್ಪಲಿಲ್ಲ. ಹೊರಗೆ ಬಂದ ಮೇಲೆ ಚಿಕ್ಕಮ್ಮ, ಸೋತರು ಪಾಪ ಎಂದರು.

ಕೊನೆಗೆ ಒಪ್ಪಿದವನು ವೈಟ್ಟಿಲದಲ್ಲಿ ಕಾರುಗಳಿಗೆ ಸ್ಟೀರಿಯೋ, ಸೀಟ್ ಕವರು ಹಾಕುವ ಅಂಗಡಿಯ ಜೋಸೆಫ್ ಚೇಟ್ಟ, ಅಂದರೆ ಜೋಸೆಫಣ್ಣ. ಅವನು ಒಪ್ಪಿದ್ದಕ್ಕೆ ಕಾರಣ, ಅವನಿಗೆ ಇದರ ಬಗ್ಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕೆಲಸ ಮಾಡುವುದೆಂದರೆ ಬಹಳ ಇಷ್ಟ ಎಂದು ಅವನೇ ಹೇಳಿದ. ಕರಿ ಕೋಟಿನಲ್ಲೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಚಿಕ್ಕಮ್ಮ ಸೂಚನೆಯ ಕಾಗದ ಓದುವುದು, ನಾನು ಟಾರ್ಚು ಹಿಡಿಯುವುದು, ಚೇಟ್ಟ ಗಾಡಿಯ ಹಿಂದೆ ಅರ್ಧ ಮೈ ತೂರಿಸಿ ಸ್ಕ್ರೂ ಬಿಚ್ಚುವುದು. ಕಾಗದದ ಇಂಗ್ಲಿಷು ಎಲ್ಲಿಯದೋ ಏನೋ. 'ಎಡಗಡೆಯ ಕೋಲಿಗೂ ಗಾಡಿಯ ಮೈಗೂ ವಿವಾಹ ಮಾಡಿಸಿ, ಆಮೇಲೆ ಸಂತೋಷವನ್ನು ಪರೀಕ್ಷಿಸಿ' ಎಂಬ ಅರ್ಥದ ಸಾಲೊಂದು ಇತ್ತು. ಚಿಕ್ಕಮ್ಮ ಅದನ್ನು ಮಲಯಾಳಂಗೆ ತಿರುಗಿಸಿ ಗಟ್ಟಿಯಾಗಿ ಓದಿದರು. ವಿವಾಹ ಮಾಡಿಸಬಹುದು, ಸಂತೋಷಕ್ಕೆ ತಾನು ಜವಾಬ್ದಾರನಲ್ಲ ಎಂದು ಒಳಗಿನಿಂದ ಚೇಟ್ಟನ ಧ್ವನಿ ಬಂತು.

ವಿವಾಹ ಸುಲಭವಾಗಿ ಕೂಡಿಬರಲಿಲ್ಲ. ಕೋಲಿನ ತುದಿ ಗಾಡಿಯ ಗುಬಟಿಗೆ ಕೂರಲಿಲ್ಲ. ದುಬೈಯಿಂದ ಬಂದ ಸಾಮಾನು ಬೇರೆ ಮಾಡೆಲ್ಲಿನ ಗಾಡಿಯದ್ದು. ಇಲ್ಲಿಗೆ ಬಿಡೋಣ ಚಿಕ್ಕಮ್ಮ ಎಂದೆ. ಅವರು ನನ್ನ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಲೇತಿನವನಲ್ಲಿಗೆ ಹೋಗಿ, ಅವನ ಎದುರು ನಿಂತು, ಹೊಸ ಕಬ್ಬಿಣದ ತುಂಡು ಮಾಡಿಸಿದರು. ಅದು ದಪ್ಪವಾಯಿತು. ಉಜ್ಜಿಸಿದರು. ತೆಳುವಾಯಿತು. ಮತ್ತೊಂದು ಮಾಡಿಸಿ ಬೆಸುಗೆ ಹಾಕಿಸಿದರು. ಕೇಸಿಗೆ ತಾರೀಕು ಮುಂದೂಡಿಸಿಕೊಂಡ ಚಿಕ್ಕಮ್ಮನನ್ನು ನಾನು ಅದೇ ಮೊದಲು ನೋಡಿದ್ದು. ಕಾರಣ ಏನು ಬರೆದುಕೊಟ್ಟರೋ ದೇವರೇ ಬಲ್ಲ. 'ಡಿಕ್ಕಿಯ ನಿಮಿತ್ತ' ಎಂದೇ ಬರೆದಿದ್ದರೂ ಆಶ್ಚರ್ಯವಿಲ್ಲ.

ಅಂತೂ ಬಾಗಿಲು ಒಂದು ದಿನ ಗುಂಡಿ ಒತ್ತಿದಾಗ ಏರಿತು, ಇನ್ನೊಮ್ಮೆ ಒತ್ತಿದಾಗ ಇಳಿಯಿತು. ನಾವು ಮೂವರೂ ಚಹಾ ಕುಡಿದೆವು. ಮರುದಿನವೇ ಚಿಕ್ಕಮ್ಮನಿಗೆ ಕೊಚ್ಚಿಯ ಹೊರವಲಯದ ಏಲೂರಿನಲ್ಲಿ ಕೆಲಸ, ಗಾಡಿ ಓಡಿಸಲು ನಾನು. ಅಲ್ಲಿಯ ಒಂದು ಕಾರ್ಖಾನೆಯ ಕೆಲಸಗಾರರ ಕೇಸನ್ನು ಅವರು ನಡೆಸುತ್ತಿದ್ದರು. ಗೇಟಿನ ಹತ್ತಿರ ಸಭೆ. ಯೂನಿಯನ್ನಿನ ನಾಯಕರು ಕೈಯಲ್ಲಿ ವಯರಿಲ್ಲದ ಮೈಕು ಹಿಡಿದು ಮಾತಿಗೆ ನಿಂತರು. ಅವರು ಮೈಕಿನ ಸ್ವಿಚ್ಚು ಒತ್ತಿದ್ದೇ ತಡ, ನಮ್ಮ ಡಿಕ್ಕಿ ನಿಧಾನವಾಗಿ ಮೇಲೆದ್ದಿತು. ಅವರು ಮೈಕು ಆರಿಸಿ ಕೆಮ್ಮಿ ಮತ್ತೆ ಹಾಕಿದರು, ಡಿಕ್ಕಿ ಇಳಿಯಿತು. ಘೋಷಣೆ ಸುರುವಾಯಿತು. ಸಾಲುಸಾಲಾಗಿ ಮುಷ್ಟಿಗಳು ಮೇಲೇಳುವಾಗ ಹಿಂದೆ ನಿಂತಿದ್ದ ಕಪ್ಪು ಗಾಡಿಯೂ ಕೈ ಎತ್ತಿತು. ಕೆಲಸಗಾರರಲ್ಲಿ ಮೊದಲು ಪಿಸುಮಾತು, ಆಮೇಲೆ ಚಪ್ಪಾಳೆ. ವಕೀಲರ ಗಾಡಿಯೇ ನಮ್ಮ ಕಡೆ ಎಂದು ಯಾರೋ ಕೂಗಿದರು. ಚಿಕ್ಕಮ್ಮ ವೇದಿಕೆಯ ಮೇಲೆ ಗಂಭೀರವಾಗಿ ಕುಳಿತು, ಎಲ್ಲವೂ ತಮ್ಮ ಏರ್ಪಾಡಿನಂತೆಯೇ ನಡೆಯುತ್ತಿದೆ ಎಂಬ ಹಾಗೆ ತಲೆದೂಗಿದರು. ಗಾಡಿ ಹತ್ತಿದ ಮೇಲೆ ಮಾತ್ರ, "ಜೋಸೆಫನ ಅಂಗಡಿಗೆ ಬಿಡು" ಎಂದರು.

ಚೇಟ್ಟ ರಿಮೋಟಿನ ತರಂಗ ಹಿಡಿಯುವ ಭಾಗವನ್ನೇ ಬದಲಾಯಿಸಿ ಅದನ್ನು ಸರಿಮಾಡಿದ. ಇನ್ನು ಉಳಿದದ್ದು ಒಂದೇ ಪರೀಕ್ಷೆ. ಮುಚ್ಚುವಾಗ ಮಧ್ಯೆ ಏನಾದರೂ ಸಿಕ್ಕಿದರೆ ಬಾಗಿಲು ತಾನಾಗಿ ನಿಂತು ಹಿಂದೆ ಸರಿಯಬೇಕು ಎಂದು ಕಾಗದದಲ್ಲಿತ್ತು. ಚಿಕ್ಕಮ್ಮ ಮಾರ್ಕೆಟ್ಟಿನಿಂದ ಒಂದು ಸಿಹಿಕುಂಬಳ ತಂದು ಅಂಚಿನಲ್ಲಿಟ್ಟರು. ಬಾಗಿಲು ಬಂತು, ಕುಂಬಳ ಒಡೆಯಿತು, ಆ ರಾತ್ರಿಯ ಊಟಕ್ಕೆ ಅದೇ ಸಾಂಬಾರು. ಚೇಟ್ಟ ಡಬ್ಬಿಯೊಳಗಿನ ತಿರುಪನ್ನು ಸ್ವಲ್ಪ ತಿರುಗಿಸಿದ. ಮರುದಿನ ಮತ್ತೊಂದು ಕುಂಬಳ, ಮತ್ತೆ ಸಾಂಬಾರು. ಆ ವಾರ ನಾನು ಆಫೀಸಿನ ಕ್ಯಾಂಟೀನಿನಲ್ಲೇ ಊಟ ಮಾಡತೊಡಗಿದೆ. ಕೊನೆಗೊಂದು ಕುಂಬಳ ಗೀರೂ ಇಲ್ಲದೆ ಪಾರಾಯಿತು. ಇಷ್ಟು ಸಾಕಲ್ಲ ಎಂದು ಚೇಟ್ಟ ಕೈ ಒರೆಸಿಕೊಂಡ.

ಚಿಕ್ಕಮ್ಮ ಎದ್ದು ಬಂದು ಕೋಟಿನ ತೋಳು ಮೇಲೆ ಮಡಚಿ ತಮ್ಮ ಕೈಯನ್ನೇ ಅಂಚಿನಲ್ಲಿಟ್ಟರು.

"ಚಿಕ್ಕಮ್ಮ, ಎಂತ ಮಾಡ್ತಾ ಇದ್ದೀರಿ? ಕೈ ತೆಗೆಯಿರಿ."

"ಒತ್ತು."

"ನನ್ನಿಂದ ಆಗುವುದಿಲ್ಲ."

"ಮನುಷ್ಯನ ಕೈಗೂ ಕುಂಬಳಕ್ಕೂ ವ್ಯತ್ಯಾಸ ಉಂಟು ಮಾರಾಯ. ಒತ್ತು ಅಂತ ಹೇಳಿದ್ದಲ್ಲ?"

ನಾನು ಒತ್ತಲಿಲ್ಲ. ಅವರೇ ಎಡಗೈಯಲ್ಲಿ ರಿಮೋಟು ತೆಗೆದುಕೊಂಡು ಒತ್ತಿದರು. ಜೋಸೆಫ್ ಚೇಟ್ಟ ಶಿಲುಬೆಯ ಗುರುತು ಮಾಡಿಕೊಂಡ. ಬಾಗಿಲು ಇಳಿದು ಅವರ ಮಣಿಕಟ್ಟಿಗೆ ತಾಗಿತು, ಒಂದು ಕ್ಷಣ ಯೋಚಿಸಿದ ಹಾಗೆ ನಿಂತಿತು, ಮೇಲಕ್ಕೆ ಹೋಯಿತು. ಚಿಕ್ಕಮ್ಮ ಕೈಯನ್ನು ತಿರುಗಿಸಿ ನೋಡಿದರು. ಕೆಂಪಗೆ ಸಣ್ಣ ಗೆರೆ. ಇನ್ನೂ ಸ್ವಲ್ಪ ಮೆತ್ತಗಾಗಬೇಕು ಎಂದರು. ಚೇಟ್ಟ ಮತ್ತೆ ತಿರುಪು ಮುಟ್ಟಿದ, ಇವರು ಮತ್ತೆ ಕೈ ಇಟ್ಟರು. ಗೆರೆಯೂ ಬೀಳದೆ ಬಾಗಿಲು ಹಿಂದೆ ಸರಿಯುವವರೆಗೆ ಬಿಡಲಿಲ್ಲ. ಹಠಕ್ಕೂ ಒಂದು ಮಿತಿ ಬೇಡವೇ ಎಂದು ನನಗೆ ಆ ದಿನ ನಿಜವಾಗಿ ಸಿಟ್ಟು ಬಂದಿತ್ತು.

ಆ ಶನಿವಾರ ತಿರುವನಂತಪುರಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡರು. ಕೆಲಸಕ್ಕೆ ಸೇರಿದ ಮೇಲೆ ನಾನು ಆ ಕಡೆ ಹೋಗಿರಲೇ ಇಲ್ಲ. ಡಿಕ್ಕಿಯ ತುಂಬ ಊರಿನ ಕುಚ್ಚಲಕ್ಕಿ, ಹಪ್ಪಳದ ಕಟ್ಟು, ಉಪ್ಪಿನಕಾಯಿಯ ಭರಣಿ. ದಾರಿಯುದ್ದಕ್ಕೂ ನಾನು ಗಾಡಿ ಓಡಿಸಿದೆ, ಅವರು ಚೀಲದಲ್ಲಿದ್ದ ರಿಮೋಟನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಇದು ನನಗೆ ಸ್ವಲ್ಪ ಹೆದರಿಕೆ ಹುಟ್ಟಿಸಿತು.

ತುಂಬದ ಆ ಮನೆಗೆ ಬಂದರೆ ಚಿಕ್ಕಪ್ಪ ಗಾಡಿಯ ಸದ್ದಿಗೆ ಗೇಟು ದಾಟಿ ರಸ್ತೆಗೇ ಬರುವುದು ವಾಡಿಕೆ. ಹೆಂಡತಿ ತಂದ ಸಾಮಾನನ್ನು ಇಳಿಸುವುದು ಅವರ ಕೆಲಸ. ರೈಲಿನ ಕಾಲದಲ್ಲೂ ಸ್ಟೇಷನ್ನಿಗೆ ಬಂದು ಪೆಟ್ಟಿಗೆ ಹಿಡಿಯುತ್ತಿದ್ದರು, ಬೇರೆಯವರಿಗೆ ಬಿಡುತ್ತಿರಲಿಲ್ಲ. ಆ ದಿನ ಅವರು ಬರಲಿಲ್ಲ. ಜಗಲಿಯಲ್ಲೇ ನಿಂತಿದ್ದರು. ಎರಡು ಕೈಗಳೂ ಪ್ಯಾಂಟಿನ ಜೇಬಿನಲ್ಲಿ.

ಚಿಕ್ಕಮ್ಮ ಇಳಿದು ನೇರ ಅವರ ಹತ್ತಿರ ಹೋದರು. ಚೀಲದಿಂದ ರಿಮೋಟು ತೆಗೆದು ನೀಡಿದರು. "ಡಿಕ್ಕಿ ತೆಗೆಯಿರಿ. ಸಾಮಾನು ಉಂಟು."

ಚಿಕ್ಕಪ್ಪ ಬಲಗೈಯನ್ನು ಹೊರತೆಗೆದಾಗ ನನಗೆ ಕಂಡಿತು. ಆ ಕೈ ನಡುಗುತ್ತಿತ್ತು. ಚಳಿಯಲ್ಲಿ ನಡುಗುವ ಹಾಗೆ ಅಲ್ಲ. ಯಾರೋ ಒಳಗಿನಿಂದ ಬಿಡದೆ ಅಲ್ಲಾಡಿಸುವ ಹಾಗೆ. ಹೆಬ್ಬೆರಳು ಗುಂಡಿಯನ್ನು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಚಿಕ್ಕಮ್ಮ ಸಹಾಯಕ್ಕೆ ಕೈ ನೀಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ತೆಂಗಿನ ಮರ ನೋಡುತ್ತ ನಿಂತರು. ಡಿಕ್ಕಿ ಏರಿತು. ಚಿಕ್ಕಪ್ಪ ಗಾಡಿಯ ಹತ್ತಿರ ನಡೆದು ಹೋಗಿ, ಮೋಟಾರಿನ ಕಡ್ಡಿಯನ್ನು, ಲೇತಿನಲ್ಲಿ ಮಾಡಿಸಿದ ತುಂಡನ್ನು, ವಯರು ಹೋದ ದಾರಿಯನ್ನು ಬಹಳ ಹೊತ್ತು ನೋಡಿದರು. ರಾಕೆಟ್ಟಿನ ಎಂಜಿನಿಯರು ಏನು ಹೇಳುತ್ತಾರೋ ಎಂದು ನನಗೆ ಕುತೂಹಲ.

"ಬೆಸುಗೆ ಒಳ್ಳೆದಾಗಿದೆ" ಎಂದರು. ಆಮೇಲೆ ಹಪ್ಪಳದ ಕಟ್ಟನ್ನು ಎರಡು ಕೈಯಲ್ಲಿ ಎದೆಗೊತ್ತಿ ಹಿಡಿದು ಒಳಗೆ ನಡೆದರು.

ಅಡುಗೆಮನೆಯಲ್ಲಿ ಚಿಕ್ಕಮ್ಮ ನನಗೆ ಹೇಳಿದ್ದು ಇಷ್ಟು. ನರದ ತೊಂದರೆಯಂತೆ, ವಾಸಿಯಾಗುವಂಥದ್ದಲ್ಲವಂತೆ. ಕೆಲವು ತಿಂಗಳ ಹಿಂದೆ ಇಲ್ಲೇ ರಸ್ತೆಯಲ್ಲಿ, ಅವರ ಕೈಕೆಳಗಿನ ಹುಡುಗರು ನೋಡುತ್ತಿರುವಾಗಲೇ, ಡಿಕ್ಕಿಯ ಬಾಗಿಲು ಅರ್ಧದಿಂದ ಜಾರಿ ಅವರ ಕೈಯ ಮೇಲೆ ಬಿತ್ತು. ಹುಡುಗರು ಓಡಿ ಬಂದು ಸಾಮಾನನ್ನೆಲ್ಲ ತಾವೇ ಹೊತ್ತು ಒಳಗಿಟ್ಟರು. ಚಿಕ್ಕಪ್ಪ ನಕ್ಕರು. ಆದರೆ ಅವತ್ತಿನಿಂದ ಗೇಟಿಗೆ ಬರುವುದನ್ನು ಬಿಟ್ಟರು.

"ಕೈ ಹೋದದ್ದಕ್ಕೆ ಡಾಕ್ಟರು ಇದ್ದಾರೆ" ಎಂದರು ಚಿಕ್ಕಮ್ಮ, ಸಾಸಿವೆ ಸಿಡಿಯುವುದನ್ನು ನೋಡುತ್ತ. "ಎದುರಿಗೆ ಬರುವುದನ್ನು ಬಿಟ್ಟರೆ ನಾನು ಯಾರ ಹತ್ತಿರ ಹೋಗುವುದು?"

ಗಾಡಿಯ ವಿಷಯದಲ್ಲಿ ಮಾತ್ರ ಚಿಕ್ಕಪ್ಪನಿಗೆ ಏನೂ ಹೇಳಬೇಡ, ತನಗೆ ಎಟುಕುವುದಿಲ್ಲ ಅಂತಲೇ ಮಾಡಿಸಿದ್ದು ಎಂದು ಹೇಳಿ ಒಗ್ಗರಣೆಯನ್ನು ಸಾರಿಗೆ ಸುರಿದರು. ನಾನು ಅವರ ಮಣಿಕಟ್ಟಿನ ಕಡೆ ನೋಡಿದೆ. ತಟ್ಟನೆ ಹಿಂದೆಳೆದುಕೊಳ್ಳಲಾಗದ ಕೈಯೊಂದಕ್ಕೆ ಬಾಗಿಲು ಎಷ್ಟು ಮೆತ್ತಗಿರಬೇಕು ಎಂದು ಅಳೆಯಲು ಅವರಲ್ಲಿ ಬೇರೆ ಅಳತೆಗೋಲು ಇರಲಿಲ್ಲ.

ಭಾನುವಾರ ಸಂಜೆ ಹೊರಟೆವು. ಚಿಕ್ಕಪ್ಪ ಗೇಟಿನವರೆಗೆ ಬಂದರು. ಖಾಲಿ ಭರಣಿಗಳನ್ನು ತಾವೇ ಡಿಕ್ಕಿಯಲ್ಲಿಟ್ಟು, ರಿಮೋಟು ಒತ್ತಿ ಮುಚ್ಚಿದರು. ರಿಮೋಟನ್ನು ವಾಪಸು ಕೊಡಲು ಕೈ ನೀಡಿದಾಗ ಚಿಕ್ಕಮ್ಮ ಆಗಲೇ ಗಾಡಿ ಹತ್ತಿ ಕುಳಿತಿದ್ದರು. ನಾನು ಹೊರಡಿಸಿದೆ. ಸ್ವಲ್ಪ ಮುಂದೆ, ತಿರುವಿನಲ್ಲಿ, ಮೀನಿನ ಬುಟ್ಟಿ ಹೊತ್ತ ಹೆಂಗಸರು ರಸ್ತೆ ದಾಟುತ್ತಿದ್ದರು, ನಿಲ್ಲಿಸಿದೆ. ಹಿಂದೆ ಮೋಟಾರಿನ ಗುಂಯ್ ಎಂಬ ಸದ್ದು. ಕನ್ನಡಿಯಲ್ಲಿ ರಸ್ತೆಯ ಬದಲು ಆಕಾಶ. ಡಿಕ್ಕಿ ಪೂರ್ತಿ ತೆರೆದುಕೊಂಡಿತ್ತು.

ಇನ್ನೂ ಏನೋ ಕೆಟ್ಟಿದೆ ಎಂದು ಮುಚ್ಚುವ ಗುಂಡಿಗೆ ಕೈ ಹಾಕಿದೆ. ಚಿಕ್ಕಮ್ಮ ನನ್ನ ಕೈ ಹಿಡಿದರು.

"ಬೇಡ. ಬರ್ತಾರೆ, ಇರು."

ಹಿಂದೆ ತಿರುಗಿ ನೋಡಿದೆ. ಚಿಕ್ಕಪ್ಪ ನಡೆದು ಬರುತ್ತಿದ್ದರು, ನಡುಗುವ ಕೈಯನ್ನು ಎಲ್ಲರೆದುರು ಬೀಸಿಕೊಂಡು, ರಿಮೋಟು ಹಿಡಿದು. ಹಿಂದಿನ ಆಟೋದವನು ಹಾರ್ನ್ ಬಾರಿಸಿದ. ಚಿಕ್ಕಮ್ಮ ಕದಲಲಿಲ್ಲ. ಚಿಕ್ಕಪ್ಪ ಬಂದು ಡಿಕ್ಕಿಯೊಳಗೆ ತಲೆ ಹಾಕಿದರು. ಭರಣಿಗಳನ್ನು ಸುಮ್ಮನೆ ಒಮ್ಮೆ ಮುಟ್ಟಿದರು.

"ದೂರದಿಂದಲೂ ಕೆಲಸ ಮಾಡುತ್ತದಾ ಅಂತ ನೋಡಿದ್ದು" ಎಂದರು.

ಚಿಕ್ಕಮ್ಮ ಮುಂದಿನ ಸೀಟಿನಿಂದ ತಿರುಗಲೇ ಇಲ್ಲ.

"ಮುಂದಿನ ತಿರುವಿನಿಂದಲೂ ಒಮ್ಮೆ ನೋಡಿ" ಎಂದರು. "ನಾವು ನಿಧಾನ ಹೋಗ್ತೇವೆ."